ಮೂರು ತಲೆಮಾರಿನ ವಾದ

ಆಗೆಲ್ಲ ಕಾಶಿಯ ಕೇದಾರ ಘಾಟಿನ ನಮ್ಮ ಮನೆಯಲ್ಲಿ ಭಾನುವಾರ ಬಂತೆಂದರೆ ಕನ್ನಡದಲ್ಲಿ ಜಗಳ. ನಾನು ನಾಲ್ಕನೇ ಕ್ಲಾಸು. ಶಾಲೆ, ಗಲ್ಲಿ, ಕುಂಟಾಬಿಲ್ಲೆ ಎಲ್ಲವೂ ಹಿಂದಿಯಲ್ಲಿ. ಕನ್ನಡ ಗಟ್ಟಿಯಾಗಿ ಕಿವಿಗೆ ಬೀಳುತ್ತಿದ್ದದ್ದು ಆ ಒಂದು ಬೆಳಿಗ್ಗೆ ಮಾತ್ರ. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಮೈಸೂರಿನ ಪ್ರೊಫೆಸರ್ ಮಾಮ ಊರಿನ ಲಂಕಾ ಪೇಟೆಯಿಂದ ಬಿಸಿ ಜಿಲೇಬಿ, ಇಂಗಿನ ಘಮದ ಕಚೋರಿ ಹಿಡಿದು ಬರುತ್ತಿದ್ದರು. ಅಪ್ಪ ಯಾತ್ರಿಕರಿಗೆ ಶ್ರಾದ್ಧ, ತರ್ಪಣ ಮಾಡಿಸುವವರು. ಕರ್ಮ ಮುಗಿಯುವವರೆಗೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ವಾದಕ್ಕೆ ಮಾತ್ರ ಉಪವಾಸವಿರಲಿಲ್ಲ.

ವಾದ ಒಂದೇ: ಸಿನಿಮಾ ನಿರ್ದೇಶಕರಲ್ಲಿ ಯಾರು ದೊಡ್ಡವರು? ಅಪ್ಪನಿಗೆ ಕನ್ನಡದ ಶ್ರೀಪತಿರಾಯರು, ಮಾಮನಿಗೆ ಹಿಂದಿಯವರೊಬ್ಬರು.

"ನಮ್ಮವರನ್ನ ನೋಡಿ ದೇಶವೇ ಸಿನಿಮಾ ತೆಗೆಯೋದು ಕಲೀತು ಆಚಾರ್ರೇ. ನಿಮ್ಮ ರಾಯರ ಹಿಂದೆ ಯಾರಿದಾರೆ?"

"ಅರೇ, ಶಿಷ್ಯರು, ಅವರ ಶಿಷ್ಯರು, ಅವರ ಶಿಷ್ಯರು! ಮೂರು ತಲೆಮಾರು ಹೇಳ್ತೀನಿ, ಬರಕೊಳ್ಳಿ." ಅಪ್ಪ ಗೋತ್ರ ಹೇಳುವ ಧಾಟಿಯಲ್ಲೇ ಶುರುಮಾಡುತ್ತಿದ್ದರು.

ಒಂದು ಭಾನುವಾರ ಪಟ್ಟಿ ಅರ್ಧವಾಗಿದ್ದಾಗ ಹಾವೇರಿ ಕಡೆಯ ಮುದುಕರೊಬ್ಬರು ತರ್ಪಣಕ್ಕೆ ಬಂದರು. ಅಪ್ಪ ಉಳಿದ ಹೆಸರುಗಳನ್ನು ಗೊಣಗುತ್ತಲೇ ಮೆಟ್ಟಿಲಿಳಿದರು. ಜಿಲೇಬಿ ಚೀಪುತ್ತ ನಾನೂ ಹೋಗಿ ಕೂತೆ. ತಂದೆಗೆ ನೀರು ಬಿಟ್ಟಾಯಿತು. ಅಜ್ಜನ ಸರದಿಗೆ ಅಪ್ಪ ಶ್ರೀಪತಿರಾಯರ ಹೆಸರು ಹೇಳಿಬಿಟ್ಟರು. ರಾಯರು ಆಗಿನ್ನೂ ಬದುಕಿದ್ದರು! ನಾನು ಕಿಸಕ್ಕನೆ ನಕ್ಕೆ.

ಮುದುಕರು ನಗಲಿಲ್ಲ. ಎಳ್ಳು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು.

"ಅದು ನಮ್ಮ ಅಜ್ಜನ ಹೆಸರಲ್ರೀ. ಅವನಿಗೊಮ್ಮೆ ಗಂಗಾದಾಗ ನೀರು ಬಿಡಬೇಕಂತನ ಇಷ್ಟು ದೂರ ಬಂದೇನಿ."

ಅಪ್ಪ ಕೈಮುಗಿದು, ಸಂಕಲ್ಪದಿಂದ ಎಲ್ಲವನ್ನೂ ಮತ್ತೆ ಮಾಡಿಸಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಮುಂದಿನ ಭಾನುವಾರ ಮಾಮ ಮಾತು ತೆಗೆದರು. "ಛೋಡಿಯೇ ಪ್ರೊಫೆಸರ್, ನಿಮ್ಮವರೇ ದೊಡ್ಡವರು" ಎಂದರು ಅಪ್ಪ. ಗೆದ್ದ ಮಾಮ ಪೆಚ್ಚಾಗಿ ಕೂತರು. ಇನ್ನೂ ಕೆಲವು ವಾರ ಬಂದು ಸೆಖೆಯ ವಿಷಯ ಮಾತಾಡಿದರು. ಆಮೇಲೆ ಬರುವುದು ಅಪರೂಪವಾಯಿತು. ಅಪ್ಪ ಮತ್ತೆಂದೂ ಹೆಸರು ತಪ್ಪಲಿಲ್ಲ, ಸಿನಿಮಾದ ಮಾತನ್ನೂ ಎತ್ತಲಿಲ್ಲ. ಮನೆಯಲ್ಲಿ ನಾವೆಲ್ಲ ಮೆಲ್ಲಗೆ ಹಿಂದಿಗೆ ಜಾರಿದೆವು.

ಈಗ ಆ ಇಬ್ಬರ ಸಿನಿಮಾಗಳನ್ನೂ ಫೋನಿನಲ್ಲೇ ನೋಡಿ ಮುಗಿಸಿದ್ದೇನೆ. ಯಾರು ದೊಡ್ಡವರೆಂದು ನನಗೊಂದು ಖಚಿತ ಅಭಿಪ್ರಾಯವಿದೆ. ಅದು ಶುದ್ಧ ತಪ್ಪೆಂದು ಕನ್ನಡದಲ್ಲಿ ಕೂಗಾಡುವವರು ಕಾಶಿಯಲ್ಲಿ ಒಬ್ಬರೂ ಉಳಿದಿಲ್ಲ.