ತುದಿಗಾಲಿನ ಕಂಚಿನ ಹುಡುಗಿ

ದೊಡ್ಡಮಳೂರಿನಿಂದ ಬಿಡದಿಗೆ ಸೊಸೆಯಾಗಿ ಬಂದ ಶಿವಲಿಂಗಮ್ಮನಿಗೆ ಗೊತ್ತಿದ್ದದ್ದು ರಾಗಿ ಹೊಲದ ಮಣ್ಣು. ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋದ ಮೇಲೆ ಮನೆಮಂದಿಯೆಲ್ಲ ಕಂಚಿನ ಎರಕದ ಶೆಡ್ಡು ಸೇರಿದರು. ಮೇಣದ ಬೊಂಬೆಗೆ ಹುತ್ತದ ಮಣ್ಣು ಮೆತ್ತಿ ಅಚ್ಚು ಮಾಡುವುದು ಅವಳ ಪಾಲಿಗೆ ಬಂತು. ಹಸಿ ಆರದ ಅಚ್ಚಿಗೆ ಕಂಚು ಹೊಯ್ದಾಗ ಸಿಡಿದು, ಗಂಡ ಬೋರಲಿಂಗಯ್ಯನ ಒಂದು ಕಣ್ಣು ಹೋಗಿತ್ತು. ಈಗ ಕಂಚು ಕರಗಿಸುವ ಅದೇ ಮೂಸೆ ಹಿಡಿಯುವವನು ಮಗ ನಟರಾಜು.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಶಾಲಿನಿ ಎಂಬ ಕಲಾವಿದೆ ಎರಕ ಹೊಯ್ಯಲೆಂದು ಮೇಣದ ಹುಡುಗಿಯೊಬ್ಬಳನ್ನು ತಂದುಕೊಟ್ಟಳು. ಬ್ಯಾಲೆ ಕುಣಿಯುವವಳು. ಒಂದು ಕಾಲಿನ ಬೆರಳತುದಿಯಲ್ಲಿ ನಿಂತು, ಇನ್ನೊಂದು ಕಾಲನ್ನು ಹಿಂದಕ್ಕೆ ಚಾಚಿದ್ದಳು.

“ಇವ್ಳು ಹಿಮ್ಮಡಿ ಊರಾಕಿಲ್ವಾ? ಮುಳ್ ತುಳಿದವ್ಳಾ?” ಎಂದಳು ಅತ್ತೆ ದೊಡ್ಡಲಕ್ಷ್ಮಮ್ಮ.

“ಕುಣಿತಾನೇ ಹಂಗಂತೆ ಕಣತ್ತೆ.”

ಶಿವಲಿಂಗಮ್ಮ ಮಣ್ಣು ಮೆತ್ತಿದ ಅಚ್ಚನ್ನು ಸುಟ್ಟರು. ಮೇಣ ಕರಗಿ ಹರಿದುಹೋಯಿತು. ಇನ್ನು ಆ ಹುಡುಗಿ ಉಳಿದದ್ದು ಮಣ್ಣಿನೊಳಗಿನ ಟೊಳ್ಳಿನಲ್ಲಿ ಮಾತ್ರ. ಅಚ್ಚನ್ನು ಗುಂಡಿಯಲ್ಲಿ ಬಾಯಿಮಟ್ಟ ಹೂತರು. ನಟರಾಜು, ಶೆಡ್ಡಿನ ಕೆಲಸದ ಹಬೀಬ್ ಇಬ್ಬರೂ ಕುದಿವ ಕಂಚಿನ ಮೂಸೆಯನ್ನು ಇಕ್ಕಳದಲ್ಲಿ ಎತ್ತಿಕೊಂಡು ಹೊರಟರು.

ಆಗ ಮೊದಲ ಮಳೆ ಬಿದ್ದಂತೆ ಮಣ್ಣು ಘಮ್ಮೆಂದಿತು. ಶಿವಲಿಂಗಮ್ಮ ಬಗ್ಗಿ ನೋಡಿದಳು. ಅಚ್ಚಿನ ಬಾಯಿ ಹಳದಿಯಾಗಿ ನೆನೆದಿತ್ತು. ಪಕ್ಕದಲ್ಲಿ ಅತ್ತೆ, ಕೈಯಲ್ಲಿ ಖಾಲಿ ಚೆಂಬು.

“ನಿಲ್ಲಿಸ್ಲಾ ನಟ್ರಾಜ!”

“ಅಡ್ಡ ಬರ್ಬ್ಯಾಡ ಕಣವ್ವಾ, ಕಂಚು ಆರ್ತೈತೆ!”

“ಆರೋಗ್ಲಿ! ಒಳಿಕ್ಕೆ ನೀರ್ ಬಿದ್ದೈತೆ!”

“ಬೇಗ ಹೇಳಕ್ಕಾ, ತೋಳ್ ಸೋಲ್ತಾವೆ,” ಹಬೀಬ್ ಹಲ್ಲು ಕಚ್ಚಿದ.

ಅವಳು ಗುಂಡಿಗೆ ಅಡ್ಡ ನಿಂತೇ ಇದ್ದಳು. ಕಾವಿಗೆ ಸೆರಗಿನ ಅಂಚು ಮುರುಟಿತು. ಕೊನೆಗೆ ನಟರಾಜು ಕಾಲು ಹಿಂದಿಟ್ಟ. ಮೂಸೆ ಕುಲುಮೆಗೆ ವಾಪಸು ಹೋಯಿತು.

“ಬೀಜ ಇಕ್ಕೋ ಗುಂಡಿಗೆ ಮೊದ್ಲು ಅರಿಸ್ನದ ನೀರು ಬುಡಾಕಿಲ್ವಾ? ಅಂಗೇ ಅಂದ್ಕೊಂಡು ಬುಟ್ಟೆ ಕಣವ್ವಾ...” ಅತ್ತೆ ಚೆಂಬನ್ನು ಸೆರಗಿನಡಿ ಸರಿಸಿದಳು. ಬೋರಲಿಂಗಯ್ಯ ಇದ್ದೊಂದು ಕಣ್ಣಿನಲ್ಲಿ ತಾಯಿಯನ್ನು ನೋಡಿದ. ಗುದ್ದಲಿ ಎತ್ತಿಕೊಂಡ.

ಅಚ್ಚನ್ನು ಅಗೆದು ತೆಗೆದು ಮತ್ತೆ ಸುಟ್ಟರು. ಸೊಂಟದ ಹತ್ತಿರ ಕೂದಲೆಳೆಯ ಬಿರುಕು ಬಿಟ್ಟಿತು. ಶಿವಲಿಂಗಮ್ಮ ನುಣ್ಣನೆಯ ಮಣ್ಣು ಸವರಿ, ಕೆಂಡದ ಪಕ್ಕ ಕೂತು ಆರಿಸಿದಳು. ಸಂಜೆಗೆ ಕಂಚು ಹೊಯ್ದರು. ಅಚ್ಚು ಸಿಡಿಯಲಿಲ್ಲ. ಆದರೆ ಆ ಸಣ್ಣ ಕಾಲಿಗೆ ಕಂಚು ಇಳಿದಿದೆಯೋ ಇಲ್ಲವೋ, ಮಣ್ಣು ಒಡೆಯುವವರೆಗೆ ಗೊತ್ತಾಗುವಂತಿರಲಿಲ್ಲ.

ಬೆಳಿಗ್ಗೆ ಒಡೆದರು. ಬೆರಳತುದಿ ತುಂಬಿಬಂದಿತ್ತು. ಸೊಂಟದಲ್ಲಿ ಮಾತ್ರ, ಬಿರುಕಿದ್ದ ಕಡೆ, ಉಬ್ಬಿದ ಗೆರೆಯೊಂದು.

“ಉಜ್ಜಿ ತೆಗೀಲಾ ಅವ್ವಾ?” ನಟರಾಜು ಕಬ್ಬಿಣದ ಅರ ಎತ್ತಿಕೊಂಡ.

ಅವಳು ಮೊದಲು ಸೆರಗಿನಿಂದ ಅವನ ಮುಖದ ಮಸಿ ಒರೆಸಿ, ಎರಡೂ ಕಣ್ಣು ನೋಡಿದಳು.

“ಊಂ. ಉಜ್ಜು.”

ದೊಡ್ಡಲಕ್ಷ್ಮಮ್ಮ ಚೆಂಬನ್ನು ಶೆಡ್ಡಿನಾಚೆಯೇ ಇಟ್ಟು ಒಳಗೆ ಬಂದಳು.