ಮಾಸ್ಟರು ಪಾಸ್ ಮಾಡಿದ ಟರ್ನ್‌ಟೇಬಲ್

ಶರ್ಟ್ ಕಾರ್ಖಾನೆಯಲ್ಲಿ ಅವರಿಗೆ ಚೆಕಿಂಗ್ ಮಾಸ್ಟರ್ ಅಂತಲೇ ಹೆಸರು. ಹೊಲಿದು ಮುಗಿದ ಶರ್ಟುಗಳು ಟ್ಯೂಬ್‌ಲೈಟಿನ ಕೆಳಗೆ, ಉದ್ದನೆಯ ಮೇಜಿನ ಮೇಲೆ ಅವರ ಮುಂದೆ ಬಂದು ಬೀಳುತ್ತಿದ್ದವು. ಕಾಲರಿನಿಂದ ಶುರುಮಾಡಿ ತೋಳು, ಕಫ್, ಜೇಬು, ಕಾಜ ಎಲ್ಲವನ್ನೂ ಬೆರಳಲ್ಲಿ ಸವರಿ ನೋಡಿ, ತಪ್ಪಿದ್ದ ಕಡೆ ಬಾಣದ ಗುರುತಿನ ಕೆಂಪು ಸ್ಟಿಕ್ಕರ್ ಅಂಟಿಸುವುದು ಅವರ ಕೆಲಸ. ಒಂದು ಹೊಲಿಗೆ ತಪ್ಪಿದ್ದರೂ ಶರ್ಟು ವಾಪಸ್. ಹೊಲಿಯುವ ಹೆಂಗಸರು ಬೆನ್ನ ಹಿಂದೆ ಹಲ್ಲು ಕಡಿಯುತ್ತಿದ್ದರು. ಮಾಸ್ಟರಿಗೆ ಅದು ಗೊತ್ತಿತ್ತು, ತಲೆಗೆ ಹಚ್ಚಿಕೊಂಡಿರಲಿಲ್ಲ.

ಹುಳುಕು ಹುಡುಕುವ ಚಟವೇನೂ ಕಾರ್ಖಾನೆಯ ಗೇಟಿನಲ್ಲಿ ಬಿಟ್ಟು ಬರುವಂಥದ್ದಲ್ಲ. ಯಾರ ಮನೆಗೆ ಹೋದರೂ ಮಾಸ್ಟರು ಮಾತಾಡುತ್ತಲೇ ಕಿಟಕಿ ಪರದೆಯ ಅಂಚು ಮಡಚಿ ನೋಡುತ್ತಿದ್ದರು. ಒಮ್ಮೆ ಮಳೆಗಾಲದಲ್ಲಿ ಕೊಡೆ ಕೊಳ್ಳಲು ಹೋಗಿ, ಅಂಗಡಿಯಲ್ಲಿದ್ದ ಕೊಡೆಗಳನ್ನೆಲ್ಲ ಬಿಚ್ಚಿಸಿ, ಒಂದೂ ಒಪ್ಪದೆ, ತೊಪ್ಪೆಯಾಗಿ ಮನೆಗೆ ಬಂದಿದ್ದರು. "ನನ್ನನ್ನ ಅದು ಹೇಗೆ ಪಾಸ್ ಮಾಡಿದ್ರೋ!" ಎಂದು ಹೆಂಡತಿ ಆಗಾಗ ಅನ್ನುತ್ತಿದ್ದಳು. ಆಗಿನ್ನೂ ತನಗೆ ಅನುಭವ ಸಾಲದಾಗಿತ್ತು ಎಂದು ಮಾಸ್ಟರು ಉತ್ತರ ಕೊಡುತ್ತಿದ್ದರು. ಅಂಥ ದಿನ ಊಟ ಸ್ವಲ್ಪ ತಡವಾಗುತ್ತಿತ್ತು.

ಮನೆಯಲ್ಲಿದ್ದ ಮೂರನೆಯವರು ಮಾಸ್ಟರ ತಾಯಿ. ಎಂಬತ್ತು ದಾಟಿತ್ತು. ಕೈಕಾಲು ಗಟ್ಟಿ, ನಾಲಗೆ ಅದಕ್ಕಿಂತ ಗಟ್ಟಿ, ಕಿವಿ ಮಾತ್ರ ಕೈಕೊಡತೊಡಗಿತ್ತು. ಅದೂ ವಿಚಿತ್ರ ರೀತಿಯಲ್ಲಿ. ಮಗ ಪಕ್ಕದ ಕೋಣೆಯಲ್ಲಿ ಗೊಣಗಿದರೂ ಕೇಳುತ್ತಿತ್ತು, ಸೊಸೆ ಎದುರಿಗೆ ನಿಂತು ಕೂಗಿದರೂ "ಆಂ?" ಎನ್ನುತ್ತಿದ್ದರು. ಬಾಗಿಲ ಗಂಟೆ ಕೇಳುತ್ತಿರಲಿಲ್ಲ, ಬೀದಿಯಲ್ಲಿ ಹೋಗುವ ಲಾರಿ ಕೇಳುತ್ತಿತ್ತು. ಅತ್ತೆ ಬೇಕೆಂದೇ ಹೀಗೆ ಮಾಡುತ್ತಾರೆಂದು ಸೊಸೆ ಬಹಳ ದಿನ ಮುಖ ಊದಿಸಿಕೊಂಡಿದ್ದಳು. ಕೊನೆಗೆ ಕಿವಿ ಡಾಕ್ಟರು ಪರೀಕ್ಷೆ ಮಾಡಿ, "ವಯಸ್ಸಾದಾಗ ಸಣ್ಣ ದನಿ ಮೊದಲು ಹೋಗುತ್ತಮ್ಮ, ದಪ್ಪ ದನಿ ಇನ್ನೊಂದಷ್ಟು ದಿನ ಉಳಿಯುತ್ತೆ. ಆಮೇಲೆ ಅದೂ ಹೋಗುತ್ತೆ" ಎಂದರು. ಅತ್ತೆಯದೇನೂ ತಪ್ಪಿಲ್ಲ ಎಂದು ಗೊತ್ತಾಗಿ ಸೊಸೆಗೆ ಸಮಾಧಾನವಾಯಿತು. ಒಂದು ಒಳ್ಳೆಯ ದೂರು ಕೈತಪ್ಪಿತಲ್ಲ ಎಂದು ಬೇಸರವೂ ಆಯಿತು. ಕಿವಿಗೆ ಹಾಕುವ ಮಿಷನ್ನು ತಂದದ್ದಾಯಿತು. ಗುಂಯ್ ಅನ್ನುತ್ತದೆಂದು ತಾಯಿ ಅದನ್ನು ಡ್ರಾಯರಿಗೆ ಹಾಕಿ ಮರೆತರು.

ಆ ವಾರವೇ ಅವರು ಬೀರುವಿನ ತಳದಿಂದ ಒಂದು ಟವೆಲ್ಲಿನ ಗಂಟು ತೆಗೆದು ಮಗನ ಮುಂದಿಟ್ಟರು. ಒಳಗೆ ಸಾಸರಿನಷ್ಟು ಅಗಲದ ಒಂದು ಕಪ್ಪು ರೆಕಾರ್ಡು.

"ಇದನ್ನ ಒಂದ್ಸಲ ಕೇಳಿಸೋ," ಎಂದರು. "ಕಿವಿ ಪೂರ್ತಿ ಹೋಗೋಕೆ ಮುಂಚೆ."

ಅದು ಏನೆಂದು ಮಾಸ್ಟರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವರಿಗೆ ಆಗ ಹತ್ತು ವರ್ಷ, ತಮ್ಮನಿಗೆ ಆರು. ಅಪ್ಪ ಇಬ್ಬರನ್ನೂ ರೈಲ್ವೆ ಸ್ಟೇಷನ್ನಿಗೆ ಕರೆದುಕೊಂಡು ಹೋಗಿದ್ದಾಗ ಅಲ್ಲೊಂದು ಮರದ ಗೂಡಿತ್ತು. ಕಾಸು ಹಾಕಿ, ಒಳಗೆ ನಿಂತು ಮಾತಾಡಿದರೆ ಆ ಮಾತು ರೆಕಾರ್ಡಾಗಿ ಕೈಗೆ ಬರುತ್ತಿತ್ತು. ತಮ್ಮ ಒಳಗೆ ಹೋಗಿ, ಮನೆಯಲ್ಲಿದ್ದ ಅಮ್ಮನಿಗೆಂದು ಮಾತಾಡಿದ. ಮುಂದಿನ ವರ್ಷ ಜ್ವರ ಬಂದು ತೀರಿಕೊಂಡ. ಅಪ್ಪ ದಿನಾ ಸಂಜೆ ಆ ರೆಕಾರ್ಡು ಹಾಕಿಕೊಂಡು ಕೂರತೊಡಗಿದಾಗ ಅಮ್ಮ ತಡೆಯಲಾರದೆ ಪ್ಲೇಯರನ್ನೇ ಯಾರಿಗೋ ಕೊಟ್ಟುಬಿಟ್ಟರು. ರೆಕಾರ್ಡನ್ನು ಟವೆಲ್ಲಿನಲ್ಲಿ ಸುತ್ತಿಟ್ಟರು. ಅದಾಗಿ ಐವತ್ತು ವರ್ಷದ ಮೇಲಾಗಿತ್ತು. ಗೋಡೆಯ ಮೇಲೆ ತಮ್ಮನ ಫೋಟೊ ಇತ್ತು, ಆದರೆ ಅವನ ದನಿ ಹೇಗಿತ್ತೆಂದು ಮಾಸ್ಟರಿಗೆ ಮರೆತೇ ಹೋಗಿತ್ತು. ಆ ಸಂಗತಿ ಒಳಗೊಳಗೇ ಚುಚ್ಚುತ್ತಿತ್ತು, ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಹಳೆಯ ರೇಡಿಯೊ, ರೆಕಾರ್ಡ್ ಪ್ಲೇಯರುಗಳನ್ನು ರಿಪೇರಿ ಮಾಡಿ ಮಾರುವ ಅಂಗಡಿಯೊಂದು ಕಾರ್ಖಾನೆಯ ದಾರಿಯಲ್ಲೇ, ಲಾಂಡ್ರಿಯ ಕೆಳಗಿನ ನೆಲಮಾಳಿಗೆಯಲ್ಲಿತ್ತು. ಅಲ್ಲಿ ಮೇಲಿನ ಇಸ್ತ್ರಿಯ ಬಿಸಿಯೂ ಕೆಳಗಿನ ಬೆಸುಗೆಯ ಹೊಗೆಯೂ ಸೇರಿ ಮೂಗು ಕಟ್ಟುತ್ತಿತ್ತು. ಅಂಗಡಿಯವನು ಮಾಸ್ಟರ ಕಥೆಯನ್ನೆಲ್ಲ ಕೇಳಿ, "ರೆಕಾರ್ಡ್ ತನ್ನಿ ಸಾರ್, ಒಂದ್ಸಲ ನೋಡ್ತೀನಿ" ಎಂದ. ಆದರೆ ಅದು ಮನೆಯ ಹೊಸಿಲು ದಾಟಕೂಡದೆಂದು ತಾಯಿ ಪಟ್ಟುಹಿಡಿದಿದ್ದರು. ಮಾಸ್ಟರು ಕೈಯಲ್ಲೇ ಅದರ ಅಗಲ ತೋರಿಸಿದರು.

"ಅಷ್ಟು ಚಿಕ್ಕದಾ? ಹಾಗಾದ್ರೆ ನಲವತ್ತೈದರ ಸ್ಪೀಡು ಇರ್ಬೇಕು, ನಿಮಿಷಕ್ಕೆ ನಲವತ್ತೈದು ಸುತ್ತು. ಚಿಕ್ಕವೆಲ್ಲ ಸಾಮಾನ್ಯ ಅದೇ," ಎಂದ ಅಂಗಡಿಯವನು. "ಆದ್ರೆ ಒಂದು ಮಾತು ಸಾರ್. ಗೂಡಲ್ಲಿ ಮಾಡಿದ ರೆಕಾರ್ಡು ಅಂದ್ರೆ ಮೇಲೆ ಬಣ್ಣ ಬಳಿದಷ್ಟೇ ಪದರ. ಮುಳ್ಳು ಓಡಿದಾಗೆಲ್ಲ ಒಂದಿಷ್ಟು ಕೆರ್ಕೊಂಡು ಹೋಗುತ್ತೆ. ನಿಮ್ಮ ತಂದೆ ಬೇರೆ ಹಾಕಿ ಹಾಕಿ ಸವೆಸಿದಾರೆ. ಒಳ್ಳೇ ಪ್ಲೇಯರಲ್ಲಿ ಒಂದ್ಸಲ ಕೇಳಬಹುದು. ಎರಡನೇ ಸಲಕ್ಕೆ ಮಾತು ಉಳಿದ್ರೆ ಉಳೀತು. ಮೂರನೇದರ ಆಸೆ ಇಟ್ಕೋಬೇಡಿ. ಭಾರದ ಮುಳ್ಳು ಇಟ್ರೋ, ಮೊದಲನೇ ಸಲಕ್ಕೇ ಮುಗೀತು."

ಇಂಥ ಕೆಲಸಕ್ಕೆ ಮಾಸ್ಟರಿಗಿಂತ ತಕ್ಕವರು ಯಾರಿದ್ದಾರೆ? ಫ್ರಿಜ್ ಬದಲಾಯಿಸಲೆಂದು ಎತ್ತಿಟ್ಟಿದ್ದ ದುಡ್ಡಿತ್ತು. "ಫ್ರಿಜ್ ಇನ್ನೊಂದು ವರ್ಷ ಗುಡುಗಲಿ ಬಿಡಿ," ಎಂದಳು ಹೆಂಡತಿ, ಕೇಳುವ ಮೊದಲೇ. ಆ ದುಡ್ಡಿಗೆ ತೀರಾ ಅಗ್ಗದ್ದು ಬೇಕಾಗಿರಲಿಲ್ಲ, ತೀರಾ ದುಬಾರಿಯದು ಬರುತ್ತಿರಲಿಲ್ಲ. ಆ ಎರಡರ ನಡುವೆ ಏನೇನು ಇರಬಹುದೋ ಅದನ್ನೆಲ್ಲ ಮಾಸ್ಟರು ಮುಟ್ಟಿ ನೋಡಿದರು.

ಸೂಟ್‌ಕೇಸಿನಂತೆ ಮುಚ್ಚಿಕೊಳ್ಳುವ ಹೊಸ ಪ್ಲೇಯರೊಂದು ನೋಡಲು ಮುದ್ದಾಗಿತ್ತು. ಅದರ ಮುಳ್ಳನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದ ಮಾಸ್ಟರು, "ಇದು ಮುಳ್ಳಲ್ಲ, ನೇಗಿಲು" ಎಂದು ಕೆಳಗಿಟ್ಟರು. ಬೆಳ್ಳಿ ಬಣ್ಣದ್ದೊಂದು, ಗುಂಡಿಗಳು ನೂರೆಂಟು, ಥಳಥಳ ಹೊಳೆಯುತ್ತಿತ್ತು. ತಟ್ಟೆ ತಿರುಗುವಾಗ ಅಂಚಿಗೆ ಕಣ್ಣಿಟ್ಟು ನೋಡಿದರೆ ಕುಡಿದವನ ಹಾಗೆ ತೂಗುತ್ತಿತ್ತು. ಮತ್ತೊಂದು ಬಹಳ ಹಿಡಿಸಿತು, ಆದರೆ ಅದರ ಮುಳ್ಳು ಹೊತ್ತ ಕೈಯನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿದಾಗ ಲೊಡಕ್ ಎಂದಿತು. ಇನ್ನೊಂದಕ್ಕೆ ಹೊಸ ಬೆಲ್ಟ್ ಹಾಕಿದ್ದರೂ ಮೋಟಾರಿನ ಗುರುಗುಟ್ಟುವಿಕೆ ಸ್ಪೀಕರಿಗೇ ಬರುತ್ತಿತ್ತು. ಅಂಗಡಿಯವನು ಮೊದಮೊದಲು ನಕ್ಕ, ಆಮೇಲೆ ಬೆವರೊರೆಸಿಕೊಂಡ, ಕೊನೆಗೆ ಮಾಸ್ಟರು ಮೆಟ್ಟಿಲಿಳಿಯುವುದು ಕಂಡರೆ ಸಾಕು ಚಹಾ ಕುಡಿಯಲು ಎದ್ದುಹೋಗತೊಡಗಿದ. ಕೀಲಿ ಮಾತ್ರ ಗಲ್ಲಾಪೆಟ್ಟಿಗೆಯ ಮೇಲೆ ಬಿಟ್ಟಿರುತ್ತಿದ್ದ.

ಅಂಥದೊಂದು ಸಂಜೆ ಮಾಸ್ಟರಿಗೆ ಅದು ಸಿಕ್ಕಿತು. ಕಪಾಟಿನ ಕೆಳಹಲಗೆಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ, ಕಂದು ಮರದ ಪೀಠದ ಒಂದು ಹಳೆಯ ಟರ್ನ್‌ಟೇಬಲ್. ಅಂದಚೆಂದ ಅಷ್ಟಕ್ಕಷ್ಟೆ. ತಟ್ಟೆ ಎತ್ತಿದರೆ ಕೈ ಜಗ್ಗುವಷ್ಟು ಭಾರ. ಬೆಲ್ಟ್ ಕಳಚಿ, ಬೆರಳಲ್ಲಿ ತಿರುಗಿಸಿ ಬಿಟ್ಟರೆ ಸದ್ದಿಲ್ಲದೆ ಬಹಳ ಹೊತ್ತು ತಿರುಗಿ, ಹಿಂದಕ್ಕೆ ಒಂದು ಎಳೆಯೂ ಜಾರದೆ ನಿಂತಿತು. ಮುಳ್ಳಿನ ಕೈಯಲ್ಲಿ ಎಳ್ಳಷ್ಟೂ ಸಡಿಲವಿಲ್ಲ. ಮುಳ್ಳಿನ ಭಾರ ಎಷ್ಟು ಬೇಕೋ ಅಷ್ಟಕ್ಕೆ ಇಳಿಯುತ್ತಿತ್ತು. ಸ್ಪೀಡಿನ ಗುಂಡಿಗೆ ಎರಡೇ ಗುರುತು, ಮೂವತ್ತಮೂರು, ನಲವತ್ತೈದು; ಅದು ಎಷ್ಟು ನಯವಾಗಿ ಟಕ್ಕೆಂದು ಕೂರುತ್ತಿತ್ತೆಂದರೆ ಮಾಸ್ಟರು ಸುಮ್ಮನೆ ಆ ಖುಷಿಗೇ ನಾಲ್ಕಾರು ಸಲ ತಿರುಗಿಸಿದರು. ಅಂಗಡಿಯಲ್ಲಿದ್ದ ಚಿಕ್ಕ ರೆಕಾರ್ಡುಗಳನ್ನೆಲ್ಲ ಹಾಕಿ ಕೇಳಿದರು. ಬಾಣ ಅಂಟಿಸಲು ಒಂದು ಜಾಗವೂ ಸಿಗಲಿಲ್ಲ.

"ಇದು ಪಾಸ್," ಎಂದರು. ಅಂಗಡಿಯವನು ಸಂತೋಷಕ್ಕೆ ಎರಡು ಬಿಡಿ ಬೆಲ್ಟುಗಳನ್ನು ಪುಕ್ಕಟೆ ಕೊಟ್ಟ.

ಭಾನುವಾರ ಬೆಳಗ್ಗೆ ಹಾಲಿನಲ್ಲಿ, ಹಳೆಯ ಆಂಪ್ಲಿಫೈಯರಿನ ಪಕ್ಕ ಟರ್ನ್‌ಟೇಬಲ್ ಇಟ್ಟು, ಅಡಿಗೆ ಕಾಗದ ಕೊಟ್ಟು ಮಟ್ಟ ಮಾಡಿದರು. ತಾಯಿ ಸ್ಪೀಕರಿಗೆ ತಾಗುವಂತೆ ಕುರ್ಚಿ ಎಳೆದುಕೊಂಡು ಕೂತರು. ಹೆಂಡತಿ ಕಿಟಕಿ ಮುಚ್ಚಿ, ಫ್ರಿಜ್ಜಿನ ಗುಡುಗು ಕೇಳದಿರಲೆಂದು ಅದರ ಪ್ಲಗ್ ಕಿತ್ತು ಬಂದು ಬಾಗಿಲ ಬಳಿ ನಿಂತಳು. ಮಾಸ್ಟರು ರೆಕಾರ್ಡಿಟ್ಟು, ಗುಂಡಿಯನ್ನು ನಲವತ್ತೈದಕ್ಕೆ ತಿರುಗಿಸಿ, ಉಸಿರು ಬಿಗಿಹಿಡಿದು ಮುಳ್ಳನ್ನು ಇಳಿಸಿದರು.

ಸ್ವಲ್ಪ ಹೊತ್ತು ಬರೀ ಕರಕರ. ಆಮೇಲೆ ಒಬ್ಬ ಗಂಡಸು ಮಾತಾಡತೊಡಗಿದ.

"ಅಮ್ಮಾ... ನಾನು... ಪೆಟ್ಟಿಗೆ ಒಳಗಿದ್ದೀನಿ," ಎಂದ, ದಪ್ಪ ದನಿಯಲ್ಲಿ, ಒಂದೊಂದೇ ಮಾತನ್ನು ಎಳೆದು ಎಳೆದು. "ಅಣ್ಣ ಹೊರಗಡೆ ನಿಂತಿದ್ದಾನೆ. ಅವನಿಗೆ ಹೆದರಿಕೆ. ನನಗಿಲ್ಲ. ಅಪ್ಪ ಮಾತಾಡು ಅಂತಾರೆ... ಏನ್ ಮಾತಾಡ್ಲಿ?... ಬೇಗ ಬರ್ತೀವಿ. ಬಾಗಿಲು ಹಾಕೋಬೇಡ."

ಈಗ, ಕಾಲ ಮಿಂಚಿದ ಮೇಲೆ ಮಾಸ್ಟರಿಗೆ ನೆನಪಾಯಿತು: ಅಪ್ಪನ ಪ್ಲೇಯರಿನಲ್ಲಿ ಸ್ಪೀಡಿಗೆ ಮೂರು ಗೆರೆಗಳಿದ್ದವು. ಈ ರೆಕಾರ್ಡು ಹಾಕುವಾಗ ಅಪ್ಪ ಹಿಡಿಯನ್ನು ಕೊನೆಯ ಗೆರೆವರೆಗೂ ತಳ್ಳುತ್ತಿದ್ದರು. ಎಪ್ಪತ್ತೆಂಟು. ಇಡೀ ಅಂಗಡಿಯನ್ನು ಜಾಲಾಡಿ ತಂದ ಟರ್ನ್‌ಟೇಬಲ್ಲಿಗೆ ಆ ಸ್ಪೀಡೇ ಇರಲಿಲ್ಲ. ರೆಕಾರ್ಡು ನಿಧಾನವಾಗಿ ತಿರುಗಿದ್ದರಿಂದ, ಆರು ವರ್ಷದ ಹುಡುಗ ಪಟಪಟನೆ ಆಡಿದ ಮಾತು ನಲವತ್ತು ವರ್ಷದ ಗಂಡಸಿನ ಮಾತಾಗಿ ಹೊರಬಂದಿತ್ತು. ಒಂದೇ ಒಂದು ಸಲ ಸರಿಯಾಗಿ ಕೇಳಿಸಬೇಕಾಗಿದ್ದನ್ನು ತಾನೇ ಹಾಳುಮಾಡಿದೆನಲ್ಲ ಎಂದು ಅವರಿಗೆ ತಾಯಿಯ ಮುಖ ನೋಡುವ ಧೈರ್ಯವಾಗಲಿಲ್ಲ.

"ಅಮ್ಮಾ, ಇದರ ಸ್ಪೀಡು..." ಎಂದು ಬಾಯಿ ತೆರೆದರು.

"ಗೊತ್ತೋ," ಎಂದರು ತಾಯಿ. "ಅವನ ದನಿ ಹೀಗಿರಲಿಲ್ಲ. ಕೀಚಲು ದನಿ, ಗುಬ್ಬಿ ಥರ. ಅಷ್ಟೂ ಗೊತ್ತಿಲ್ವಾ ನಂಗೆ?" ಸ್ಪೀಕರಿನ ಬಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಇದ್ದರು. "ಒಂದು ಮಾತೂ ಬಿಡದ ಹಾಗೆ ಕೇಳಿಸ್ತು. ದೊಡ್ಡವನಾಗಿದ್ರೆ ಹೀಗೇ ಇರ್ತಿದ್ದ. ಥೇಟ್ ಅವರಪ್ಪನ ದನಿ." ಆಮೇಲೆ, "ಇನ್ನೊಂದ್ಸಲ ಹಾಕು" ಎಂದರು.

ಹೆಂಡತಿ ಹತ್ತಿರ ಬಂದಳು. ಅವಳ ಮಾತು ಅತ್ತೆಗೆ ಹೇಗೂ ಕೇಳುವುದಿಲ್ಲ. "ರೀ, ಉಳಿದಿರೋದು ಇದೊಂದೇ ಸಲ ಅಲ್ವಾ? ಸರಿಯಾದ ಸ್ಪೀಡ್ ಇರೋ ಪ್ಲೇಯರ್ ತಂದು ಹಾಕಿದ್ರೆ ಅವನ ನಿಜವಾದ ದನಿ ಸಿಗುತ್ತೆ. ನಿಮಗೂ ಕೇಳಬೇಕು ಅಂತಿತ್ತಲ್ಲ."

ತಾನು ಬಾಯಿಬಿಟ್ಟು ಹೇಳದಿದ್ದದ್ದು ಇವಳಿಗೆ ಗೊತ್ತಿತ್ತೆಂದು ಮಾಸ್ಟರಿಗೆ ಆಗಲೇ ತಿಳಿದದ್ದು. ಅವರು ಟರ್ನ್‌ಟೇಬಲ್ಲನ್ನೇ ನೋಡುತ್ತ ನಿಂತರು. ಕೇಳಬೇಕೆಂಬ ಆಸೆ ಈಗ ಮೊದಲಿಗಿಂತ ಹೆಚ್ಚಾಗಿತ್ತು. ಗುಬ್ಬಿ ಥರ ಎಂದ ಮೇಲಂತೂ ಆ ದನಿ ಇನ್ನೇನು ನೆನಪಿಗೆ ಬಂದೇಬಿಡುತ್ತದೆ ಅನ್ನಿಸುತ್ತಿತ್ತು.

"ಗುಬ್ಬಿ ದನಿ ಅಮ್ಮನಿಗೆ ಕೇಳಿಸಲ್ಲ ಕಣೆ," ಎಂದರು. ಗುಂಡಿ ಮುಟ್ಟಲಿಲ್ಲ. ಮುಳ್ಳನ್ನು ಎತ್ತಿ ಮತ್ತೆ ಮೊದಲ ಗೆರೆಗೆ ಇಳಿಸಿದರು.

ಈ ಸಲ ಕರಕರ ಹೆಚ್ಚಾಗಿತ್ತು. ಪೆಟ್ಟಿಗೆ, ಅಣ್ಣ, ಹೆದರಿಕೆ ಎಲ್ಲ ಅದರ ನಡುವೆ ಮುಳುಗುತ್ತ ಏಳುತ್ತ ಬಂದವು. ತಾಯಿ ಕಣ್ಣುಮುಚ್ಚಿ, ತುಟಿ ಅಲುಗಿಸುತ್ತ ಜೊತೆಗೇ ಹೋಗುತ್ತಿದ್ದರು. ಬೇಗ ಬರ್ತೀವಿ, ಎಂದಿತು ಆ ದಪ್ಪ ದನಿ. ಬಾಗಿಲು ಹಾಕೋಬೇಡ.

"ಹಾಕಿಲ್ಲ ಕಣೋ," ಎಂದರು ತಾಯಿ. "ತೆಗೆದೇ ಇದೆ. ಬಾ."