ಮನೆಯಳಿಯ ಸಾಕಿದ ನಾಯಿಮರಿ

ಸೆನೆಮ್ ತನ್ನ ಅಳಿಯನನ್ನು ಮೊದಲ ಸಲ ಕಂಡದ್ದು ಬೆರಣಿ ರಾಶಿಯ ನೆತ್ತಿಯ ಮೇಲೆ. ಒಲೆಮನೆಯಿಂದ ಬಿಸಿ ರೊಟ್ಟಿ ಹಿಡಿದು ಹೊರಗೆ ಬಂದರೆ, ಬೇಸಿಗೆಯೆಲ್ಲ ತಟ್ಟಿ ಒಣಗಿಸಿ ಚಳಿಗಾಲಕ್ಕೆಂದು ಒಟ್ಟಿದ್ದ ಬೆರಣಿಗಳ ತುದಿಯಲ್ಲಿ ಉದ್ದ ಮೂಗಿನ ತರುಣನೊಬ್ಬ ನಿಂತಿದ್ದ. ಹೊಳೆಯುವ ಹೊಸ ಬೂಟು, ತಲೆಯ ಮೇಲೆ ಮೀನಿನ ಪೆಟ್ಟಿಗೆ. ಪೆಟ್ಟಿಗೆಯ ಮಂಜುಗಡ್ಡೆ ಕರಗಿ ನೀರು ಅವನ ಕುತ್ತಿಗೆಯೊಳಕ್ಕೆ ಇಳಿಯುತ್ತಿತ್ತು. ಕೆಳಗೆ ಮುದಿ ನಾಯಿ ಬೋಜ್ ಬೊಗಳದೆ, ಬಾಲವನ್ನೂ ಆಡಿಸದೆ, ಅವನನ್ನೇ ನೋಡುತ್ತ ಕೂತಿತ್ತು.

ತರುಣ ಅಲ್ಲಿಂದಲೇ ಸಲಾಮು ಹೇಳಿದ. "ಅಮ್ಮಾ, ನಾನು ಇದ್ರಿಸ್. ಎಲ್ಮಾಸ್ ಹೇಳಿರಬೇಕಲ್ಲ? ಇದು ಕಚ್ಚುದುಂಟಾ?"

"ನೀ ಓಡಿದಿ ಅಂತ ಅದು ನೋಡಾಕ ಬಂದೈತಿ ಅಷ್ಟ. ಇಳಿ."

"ಇಳಿಯುದು ಹೇಗೆ?"

"ಏರಿದಿಯಲ್ಲ, ಹಂಗ."

ಮಗಳು ಎಲ್ಮಾಸ್ ಓಡಿಬಂದು ಬೋಜ್‌ನ ಕಿವಿ ಹಿಡಿದು ಆಚೆ ಕರೆದುಕೊಂಡು ಹೋಗುವವರೆಗೂ ಅವನು ಇಳಿಯಲಿಲ್ಲ. ಇಳಿಯುವಾಗ ಬೆರಣಿ ಮುರಿದು ಒಂದು ಕಾಲು ಮೊಣಕಾಲಿನ ತನಕ ಹೂತುಹೋಯಿತು. ಆದರೆ ಪೆಟ್ಟಿಗೆ ವಾಲಲಿಲ್ಲ, ಒಂದು ಮೀನೂ ಕೆಳಗೆ ಬೀಳಲಿಲ್ಲ. ಸೆನೆಮ್ ಅದನ್ನು ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡಳು.

ಕಪ್ಪು ಸಮುದ್ರದ ದಂಡೆಗೆ ಹೇಜಲ್ ಕಾಯಿ ಬಿಡಿಸುವ ಕೂಲಿಗೆ ಹೋಗಿದ್ದ ಎಲ್ಮಾಸ್, ಅಲ್ಲಿಂದ ಕಾಯಿಯ ಜೊತೆಗೆ ಈ ಹುಡುಗನ ಹೆಸರನ್ನೂ ತಂದಿದ್ದಳು. ಅವನು ಮೀನುಗಾರರ ಮನೆಯವನು, ನಾಲ್ವರು ಅಣ್ಣಂದಿರ ಕಿರಿಯ ತಮ್ಮ. ದೋಣಿ ಒಂದೇ ಇತ್ತು, ಅದರಲ್ಲಿ ಅವನಿಗೆ ಕೂರಲು ಜಾಗವಿತ್ತೇ ಹೊರತು ಹುಟ್ಟು ಹಿಡಿಯಲು ಇರಲಿಲ್ಲ. ತಾಯಿಯನ್ನು ಬಿಟ್ಟು ತಾನು ಬರುವುದಿಲ್ಲವೆಂದು ಎಲ್ಮಾಸ್ ಹೇಳಿದಾಗ, ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ, ತಾನೇ ಬರುತ್ತೇನೆ ಎಂದನಂತೆ. ಹಾಗೆ ಸಮುದ್ರದಿಂದ ದೂರದ ಸಿವಾಸ್ ಬಯಲಿನ ಆ ಹಳ್ಳಿಗೆ ಮನೆಯಳಿಯನಾಗಿ ಬಂದ. ಮನೆಯಳಿಯ ಎಂದರೆ ಚಹಾದಂಗಡಿಯವರಿಗೆ ಮೊದಲೇ ಬಾಯಿಗೆ ಬೆಲ್ಲ. ಅವನು ಸಮುದ್ರದವನು ಬೇರೆ. ಬೆರಣಿ ರಾಶಿಯ ಕಥೆ ಅವನ ಬೂಟು ಒಣಗುವ ಮೊದಲೇ ಊರು ಸುತ್ತಿ ಬಂದಿತ್ತು. ಅವನು ಚಹಾದಂಗಡಿಗೆ ಹೋಗಿ ಆ ಕಥೆಯನ್ನು ಅವರಿಗಿಂತ ಚೆನ್ನಾಗಿ ತಾನೇ ಹೇಳಿದ. ಆಮೇಲೆ ಜನ ನಕ್ಕರೂ ಅವನ ಜೊತೆಗೇ ನಕ್ಕರು.

ಸೆನೆಮ್‌ಳ ಚಿಂತೆ ಬೇರೆ. ಗಂಡ ಹೈದರ್ ತೀರಿಹೋದ ಮೇಲೆ ಎರಡು ಬೇಸಿಗೆ ಅವಳ ಕುರಿಗಳನ್ನು ಮೈದುನ ಬೆಕ್ತಾಶ್ ತನ್ನ ಹಿಂಡಿನ ಜೊತೆ ಬೆಟ್ಟದ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿದ್ದ. ಆದರೂ ಅವು ಅವಳ ಹಿಂಡಾಗಿಯೇ ಉಳಿದಿದ್ದವು, ಏಕೆಂದರೆ ಅವುಗಳ ಜೊತೆ ಬೋಜ್ ಇತ್ತು. ಬೆಟ್ಟಕ್ಕೆ ಹೋಗುವ ಹಿಂಡಿಗೆ ಅದರದೇ ನಾಯಿ ಇರಬೇಕು. ಇಲ್ಲದಿದ್ದರೆ ಕುರಿಗಳು ಇನ್ನೊಬ್ಬರ ಹಿಂಡು ಸೇರಿ ಅವರ ಬಣ್ಣ ಹಚ್ಚಿಕೊಳ್ಳಬೇಕು. ಊರಿನ ಕಟ್ಟಳೆ ಅದು. ಸೆನೆಮ್‌ಳ ಕುರಿಗಳ ಬೆನ್ನಿಗೆ ಕೆಂಪು ಬಣ್ಣ, ಬೆಕ್ತಾಶ್‌ನವಕ್ಕೆ ಹಸಿರು. ಹೈದರ್‌ನ ಅಜ್ಜನ ಕಾಲದಿಂದ ಬಂದ ಕೆಂಪು ಅದು. ಎಲ್ಮಾಸ್‌ಳ ಮದುವೆಯಾದ ವರ್ಷವೇ, ಚಳಿ ಬೀಳುವ ಮೊದಲು, ಬೋಜ್ ನೆರಳಲ್ಲಿ ಮಲಗಿದ್ದು ಏಳಲಿಲ್ಲ.

ಬೆಕ್ತಾಶ್ ಕೆಟ್ಟವನಲ್ಲ. ಬಂದು ಎರಡು ಲೋಟ ಚಹಾ ಕುಡಿದು, ಮೂರನೆಯದು ಬೇಡವೆಂದು ಲೋಟದ ಮೇಲೆ ಚಮಚ ಅಡ್ಡವಿಟ್ಟು ಹೇಳಿದ. "ಒಂದು ಚಳಿಗಾಲ ಐತಿ ಅತ್ತಿಗಿ. ನಾಯಿ ತಯಾರಾದ್ರ ಕೆಂಪು ನಿಂದು. ಆಗಲಿಲ್ಲಂದ್ರ ಹಸಿರು ಡಬ್ಬಿ ನಾನ ತರ್ತೀನಿ."

ಆ ಸೀಮೆಯಲ್ಲಿ ಕುರಿನಾಯಿಯ ಮರಿಯನ್ನು ಯಾರೂ ಮಾರುವುದಿಲ್ಲ. ಪಕ್ಕದ ಹಳ್ಳಿಯಲ್ಲಿ ನಾಯಿ ಈದಿದೆ ಎಂದು ಕೇಳಿ ಸೆನೆಮ್ ತಾನು ಹೆಣೆದ ಕಾಲುಚೀಲದ ಜೋಡಿಯನ್ನು ಉಡುಗೊರೆಗೆಂದು ಕಟ್ಟಿಕೊಂಡು, ಅಳಿಯನನ್ನೂ ಕರೆದುಕೊಂಡು ಹೋದಳು. ಗೋಧಿ ಬಣ್ಣದ ಮೈ, ಮಸಿ ಮೆತ್ತಿದ ಹಾಗೆ ಮೂತಿ, ಮರಿಗಳೆಲ್ಲ ಒಂದೇ ಅಚ್ಚು. ಸೆನೆಮ್ ಶಾಲಿನಡಿಯಿಂದ ತಾಮ್ರದ ಮುಚ್ಚಳ ತೆಗೆದು ಕಲ್ಲಿನ ಮೇಲೆ ಬಿಟ್ಟಳು. ಮರಿಗಳು ದಿಕ್ಕಾಪಾಲಾದವು. ಒಂದು ಮಾತ್ರ ಕೂತಲ್ಲೇ ಕೂತಿತ್ತು. ಇದ್ರಿಸ್ ತಾನೂ ಒಂದು ಹೆಜ್ಜೆ ಹಿಂದೆ ಹಾರಿದ್ದವನು, ಸಾವರಿಸಿಕೊಂಡು ಆ ಮರಿಯನ್ನು ತೋರಿಸಿದ.

"ಅದು ಬ್ಯಾಡ," ಅಂದಳು ಸೆನೆಮ್. "ಅದಕ್ಕ ಕಿವಿ ಕೇಳಂಗಿಲ್ಲ, ಇಲ್ಲಾ ಬುದ್ಧಿ ಇಲ್ಲ. ನಿಂದ್ರು, ನೋಡು."

ಸ್ವಲ್ಪ ಹೊತ್ತಿಗೆ ಗೋಡೆಯ ಮೂಲೆಯಿಂದ ಒಂದು ಮರಿ ತಲೆ ಹಾಕಿತು. ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಬಂತು. ನಿಂತಿತು, ಮತ್ತೆ ಬಂತು. ಮುಚ್ಚಳವನ್ನು ಮೂಸಿ, ಅದರ ಮೇಲೆ ಕಾಲಿಟ್ಟು, ಉಳಿದವರೆಲ್ಲ ಎಲ್ಲಿ ಹೋದರು ಎಂಬಂತೆ ಸುತ್ತ ನೋಡಿತು.

"ಹೆದರದ ನಾಯಿ ತೋಳದ ಪಾಲಾಗತೈತಿ. ಹೆದರಿ, ಎಲ್ಲಾರಕಿಂತ ಮೊದಲು ತಿರುಗಿ ಬರತೈತಲ್ಲ, ಅದು ನಮ್ಮದು."

ಇದ್ರಿಸ್ ಅದಕ್ಕೆ ಪೊಯ್ರಾಜ್ ಎಂದು ಹೆಸರಿಟ್ಟ. ಅವನ ಸಮುದ್ರದ ಮೇಲೆ ದೋಣಿಗಳನ್ನು ಅಲುಗಾಡಿಸುವ ಈಶಾನ್ಯದ ಗಾಳಿಯ ಹೆಸರು. ಮನೆಗೆ ಬರುವ ಗಾಡಿಯಲ್ಲಿ ಆ ಗಾಳಿ ಅವನ ಮಡಿಲಲ್ಲೇ ಉಚ್ಚೆ ಹೊಯ್ದು ನಿದ್ದೆ ಮಾಡಿತು. ಅವನು ಕೈಕಾಲು ಅಲುಗಿಸದೆ ಕೂತಿದ್ದ. ಮರ್ಯಾದೆಗೋ ಭಯಕ್ಕೋ ಸೆನೆಮ್‌ಗೆ ತಿಳಿಯಲಿಲ್ಲ.

ಮರಿಯನ್ನು ಅವನ ಕೈಗೇ ಒಪ್ಪಿಸಿದಳು. ಬಾರ್ಲಿ ಹಿಟ್ಟನ್ನು ಮಜ್ಜಿಗೆ ತಿಳಿಯಲ್ಲಿ ಗಂಜಿ ಮಾಡಿ ಹಾಕು, ಕುರಿಗಳಿಗೆ ಮೇವು ಹಾಕಿದ ಮೇಲೆಯೇ ಹಾಕು, ಮಲಗುವುದು ಕುರಿಹಟ್ಟಿಯಲ್ಲಿ. ಹಗಲು ಬೇಕಾದರೆ ಮನೆಯಲ್ಲಿ ಓಡಾಡಿಕೊಂಡಿರಲಿ. ಇಷ್ಟೇ ಅವಳು ಹೇಳಿದ್ದು. ಉಳಿದದ್ದನ್ನು ಅವನು ತನ್ನದೇ ರೀತಿಯಲ್ಲಿ ಮಾಡಿದ, ಮತ್ತು ಅಂಥ ರೀತಿಯನ್ನು ಊರು ಕಂಡಿರಲಿಲ್ಲ. ಮರಿ ಟ್ರ್ಯಾಕ್ಟರಿಗೆ ಹೆದರಿದರೆ ಅವನು ಟ್ರ್ಯಾಕ್ಟರಿನ ಚಕ್ರಕ್ಕೆ ಒರಗಿ ಕೂತು ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದ. ಕರೆಯುತ್ತಿರಲಿಲ್ಲ, ಎಳೆಯುತ್ತಿರಲಿಲ್ಲ. ಮರಿ ತಾನಾಗಿ ಬಂದು ಚಕ್ರ ಮೂಸುವವರೆಗೆ ಕಾಯುತ್ತಿದ್ದ. ಇಮಾಮರ ಕೊಡೆ, ಟರ್ಕಿ ಕೋಳಿ, ಶಾಲೆ ಬಿಟ್ಟ ಮಕ್ಕಳ ಗದ್ದಲ, ಎಲ್ಲದರ ಪಕ್ಕದಲ್ಲೂ ಹೀಗೇ ಒಂದೊಂದು ಬೈಠಕ್ಕು. ಹೀಗೇಕೆ ಮಾಡುತ್ತೀಯೆಂದು ಸೆನೆಮ್ ಒಮ್ಮೆ ಕೇಳಿದಳು. ತನ್ನ ಅಪ್ಪ ಮಕ್ಕಳನ್ನು ಸಮುದ್ರಕ್ಕೆ ಎಸೆದು ಈಜು ಕಲಿಸಲಿಲ್ಲ, ದಂಡೆಯ ಮೇಲೆ ಬಲೆ ಹೊಲಿಯುತ್ತ ಕೂತಿರುತ್ತಿದ್ದ, ತಾವೇ ಬೇಜಾರಾಗಿ ನೀರಿಗೆ ಇಳಿಯುತ್ತಿದ್ದೆವು ಎಂದ.

"ನಾಯೀನ ಮದುವಿ ದಿಬ್ಬಣಕ್ಕ ತಯಾರ ಮಾಡಾಕತ್ತೀಯೇನೋ ಅಳ್ಯಾ?" ಎಂದು ಬೆಕ್ತಾಶ್ ದಾರಿಯಲ್ಲಿ ಕೇಳಿದರೆ, "ಹೌದು ಮಾವ, ಹುಡುಗಿ ನಿಮ್ಮ ಕಡೆದೇ," ಎನ್ನುತ್ತಿದ್ದ.

ಮರಿ ಎತ್ತರವಾಯಿತು. ಕಾಲುಗಳು ಮೊದಲು ಬೆಳೆದವು, ಅವನ್ನು ಎಲ್ಲಿಡಬೇಕೆಂಬ ಬುದ್ಧಿ ಆಮೇಲೆ ಬಂತು. ಹಟ್ಟಿಯಲ್ಲಿ ಆಗಾ ಎಂಬ ಮುದಿ ಟಗರಿನ ಹೊಟ್ಟೆಗೆ ಒತ್ತಿಕೊಂಡು ಅದು ಮಲಗುತ್ತಿತ್ತು. ಆಗಾ ಯಾರನ್ನೂ ಹತ್ತಿರ ಸೇರಿಸುವ ಪ್ರಾಣಿಯಲ್ಲ. ಸೆನೆಮ್ ಅದನ್ನು ನೋಡಿದ ದಿನ ಕೆಂಪು ಬಣ್ಣದ ಡಬ್ಬಿಯನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿದಳು.

ಬೈರಾಮ್ ಹಬ್ಬದ ಹಿಂದಿನ ದಿನ ಅವಳು ಗೋರಿಗಳಿಗೆ ಹೋಗಿದ್ದಳು. ಮನೆಯಲ್ಲಿ ಎಲ್ಮಾಸ್ ದೊಡ್ಡ ಹಂಡೆಯಲ್ಲಿ ನೀರು ಕಾಯಿಸಿ ಜಮಖಾನ, ಪರದೆ, ದಿಂಬಿನ ಚೀಲ ಎಲ್ಲ ಒಗೆದಿದ್ದಳು. ಬಿಸಿನೀರು ಉಳಿಯಿತು. ಸಮುದ್ರದ ಕಡೆ ಹಬ್ಬಕ್ಕೆ ದೋಣಿಯನ್ನೂ ತೊಳೆಯುತ್ತಾರೆ. ಇದ್ರಿಸ್‌ಗೆ ತನ್ನ ಕಡೆಯ ಹಬ್ಬ ನೆನಪಾಯಿತು. ಸೆನೆಮ್ ಬರುವ ಹೊತ್ತಿಗೆ ಪೊಯ್ರಾಜ್ ಸಾಬೂನಿನ ಪರಿಮಳ ಬೀರುತ್ತ, ಒಲೆಯ ಪಕ್ಕ ಒಣಗಿ, ಹತ್ತಿಯ ಮೂಟೆಯಾಗಿತ್ತು. ಅವಳು ಬಾಯಿ ತೆರೆಯುವುದರೊಳಗೆ ಅಳಿಯ ಅದನ್ನು ಎತ್ತಿಕೊಂಡು, ಹಬ್ಬಕ್ಕೆ ಸಿಂಗರಿಸಿದ ಮಗುವನ್ನು ತೋರಿಸುವವನ ಹಾಗೆ, ಹಟ್ಟಿಯ ಬಾಗಿಲು ದೂಡಿ ಒಳಗೆ ಬಿಟ್ಟ.

ಕುರಿಗಳಿಗೆ ಅದು ಪೊಯ್ರಾಜ್ ಆಗಿರಲಿಲ್ಲ. ಯಾವುದೋ ಪರವಾಸನೆಯ ಪ್ರಾಣಿ. ಅವೆಲ್ಲ ಒಂದೇ ಮುದ್ದೆಯಾಗಿ ಗೋಡೆಗೆ ಒತ್ತಿಕೊಂಡು ನೆಲ ಕುಟ್ಟಿದವು. ಮರಿ ಬಾಲ ಆಡಿಸುತ್ತ ಆಗಾನ ಹತ್ತಿರ ಹೋಯಿತು. ಆಗಾ ತಲೆ ತಗ್ಗಿಸಿ ಗುದ್ದಿದ ರಭಸಕ್ಕೆ ಮೇವಿನ ತೊಟ್ಟಿಗೆ ಬಡಿದು ಬಿದ್ದು, ಕಿರುಚುತ್ತ ಹೊರಗೆ ಓಡಿ, ಮನೆಯ ದಿವಾನದ ಕೆಳಗೆ ಸೇರಿಕೊಂಡಿತು.

ಮೈಗೇನೂ ಆಗಿರಲಿಲ್ಲ. ಆದರೆ ಅಂದಿನಿಂದ ಅದು ಹಟ್ಟಿಯ ಹೊಸ್ತಿಲು ದಾಟಲಿಲ್ಲ. ಸಾಬೂನಿನ ವಾಸನೆ ಹೋದ ಮೇಲೂ ದಾಟಲಿಲ್ಲ. ಗಂಜಿಯನ್ನು ಹಟ್ಟಿಯಲ್ಲಿಟ್ಟರೆ ಉಪವಾಸ ಇರುತ್ತಿತ್ತು. ಮುಚ್ಚಳದ ಸದ್ದಿಗೆ ಎಲ್ಲರಿಗಿಂತ ಮೊದಲು ತಿರುಗಿ ಬಂದ ಮರಿ ಈಗ ಬರಲೇ ಇಲ್ಲ. ಇಷ್ಟು ವರ್ಷದಲ್ಲಿ ನಾಯಿಗೆ ಸ್ನಾನ ಮಾಡಿಸಿದವನನ್ನು ಇದೇ ಮೊದಲು ನೋಡುತ್ತಿರುವುದಾಗಿ ಚಹಾದಂಗಡಿ ಹೇಳಿತು. ಈ ಸಲ ಇದ್ರಿಸ್ ಆ ಕಥೆಯನ್ನು ತಾನು ಹೇಳಲು ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದ. ಅವನ ಜೋಲುಮೋರೆ ನೋಡಿ, ಎಲ್ಲಿ ಗಂಟು ಕಟ್ಟಿಕೊಂಡು ದಂಡೆಗೆ ಹೊರಟುಬಿಡುತ್ತಾನೋ ಎಂದು ಎಲ್ಮಾಸ್ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು.

ಸೆನೆಮ್ ಬೈಯಲಿಲ್ಲ. ಒಳಕೋಣೆಗೆ ಹೋಗಿ ಗೂಟದಿಂದ ಹೈದರ್‌ನ ಕಂಬಳಿ ನಿಲುವಂಗಿ ಇಳಿಸಿದಳು. ಬೆಟ್ಟದಲ್ಲಿ ಕುರಿಗಾಹಿಗೆ ಅದೇ ಹೊದಿಕೆ, ಅದೇ ಮನೆ. ಅವನು ಸತ್ತ ಮೇಲೆ ಅದನ್ನು ಬಿಸಿಲಿಗೂ ಹಾಕಿರಲಿಲ್ಲ. ಕುರಿ, ಹೊಗೆ, ತಂಬಾಕು, ಅವನ ಬೆವರು ಎಲ್ಲ ಅದರಲ್ಲಿ ಹಾಗೇ ಕೂತಿದ್ದವು. ಆಗೊಮ್ಮೆ ಈಗೊಮ್ಮೆ ಆ ಗೂಟದ ಮುಂದೆ ಯಾಕೆ ನಿಲ್ಲುತ್ತಾಳೆಂದು ಮಗಳೂ ಕೇಳಿರಲಿಲ್ಲ. ಅದನ್ನು ತಂದು ಅಳಿಯನ ಹೆಗಲಿಗೆ ಹಾಕಿದಳು. ಅದರ ಭಾರಕ್ಕೆ ಅವನು ಸ್ವಲ್ಪ ಕುಗ್ಗಿದ.

"ಹಟ್ಟ್ಯಾಗ ಹೋಗಿ ಕುಂದ್ರು. ಟ್ರ್ಯಾಕ್ಟರ್ ಹತ್ರ ಕುಂದರ್ತಿದ್ದಿಯಲ್ಲ, ಹಂಗ. ಕರೀಬ್ಯಾಡ."

"ಎಷ್ಟು ದಿನ ಅಮ್ಮಾ?"

"ಅದನ್ನ ಮರಿಗಿ ಕೇಳು." ಬಾಗಿಲ ತನಕ ಹೋಗಿ ತಿರುಗಿದಳು. "ಮತ್ತ ಈ ನಿಲುವಂಗೀನ ಒಗದೀ ಅಂದ್ರ ನಿನ್ನ ಬೆರಣಿ ರಾಶಿ ಮ್ಯಾಲೆ ಏರಸ್ತೀನಿ."

ಅವನು ಹಟ್ಟಿಯ ಬಾಗಿಲು ತೆರೆದಿಟ್ಟು ಒಳಗೆ ಕೂತ. ಹಿಮ ಬಿದ್ದಾಗಲೂ ಕೂತ. ಮೊದಲು ಬಂದದ್ದು ಕುರಿಗಳು. ಮುದಿ ಕುರಿಯೊಂದು ನಿಲುವಂಗಿಯ ಅಂಚು ಮೂಸಿತು, ಅದರ ಹಿಂದೆ ಇನ್ನೆರಡು. ಒಂದು ಮಧ್ಯಾಹ್ನ ಆಗಾ ಬಂದು ಆ ಹೆಗಲಿನ ಮೇಲೆ ಗಲ್ಲವಿಟ್ಟು ನಿಂತಿತು, ಹೈದರ್ ಇದ್ದಾಗ ನಿಲ್ಲುತ್ತಿದ್ದ ಹಾಗೆಯೇ. ಇದ್ರಿಸ್ ಉಸಿರು ಹಿಡಿದುಕೊಂಡು ಕೂತಿದ್ದ. ಕಿಟಕಿಯಿಂದ ನೋಡುತ್ತಿದ್ದ ಸೆನೆಮ್ ಕೈಲಿದ್ದ ಹೆಣಿಗೆಯನ್ನು ಕೆಳಗಿಟ್ಟಳು.

ಮರಿ ಮನೆಯ ಮೆಟ್ಟಿಲಿಂದ ನೋಡಿತು. ಮಾರನೆಯ ದಿನ ಅಂಗಳದಿಂದ ನೋಡಿತು. ಆಮೇಲೆ ಹೊಸ್ತಿಲಿನ ಆಚೆ ಮೂತಿಯನ್ನು ಕಾಲ ಮೇಲಿಟ್ಟು ಮಲಗಿತು. ಒಳಗಿದ್ದವನು ತನ್ನ ಊರಿನ ಹಾಡೊಂದನ್ನು ಗುನುಗುತ್ತ ಬೀಜ ಸುಲಿಯುತ್ತಿದ್ದನೇ ಹೊರತು ತಿರುಗಿ ನೋಡಲಿಲ್ಲ. ಹಿಮ ಕರಗತೊಡಗಿದ ಒಂದು ಬೆಳಗ್ಗೆ ಸೆನೆಮ್ ಗಂಜಿಯ ತಟ್ಟೆ ಹಿಡಿದು ಹೋದರೆ ಹೊಸ್ತಿಲು ಖಾಲಿ. ಒಳಗೆ ನಿಲುವಂಗಿಯ ಅಡಿಯಿಂದ ಒಂದು ಬಾಲ ಹೊರಗೆ ಬಿದ್ದಿತ್ತು, ಅದರ ಮೇಲೆ ಆಗಾ ಕಾಲಿಟ್ಟುಕೊಂಡು ಮೆಲುಕು ಹಾಕುತ್ತಿತ್ತು. ಇದ್ರಿಸ್‌ನ ನಗು ಕಿವಿಯಿಂದ ಕಿವಿಗೆ ಹರಡಿಕೊಂಡಿತ್ತು.

ಕುರಿಗಳು ಈದವು. ಪೊಯ್ರಾಜ್ ಹೊಸ ಮರಿಗಳ ಮೈ ನೆಕ್ಕಿತು, ಕಾಗೆಗಳನ್ನು ಓಡಿಸಿತು. ಅದರ ಬೆನ್ನು ಈಗ ಎಲ್ಮಾಸ್‌ಳ ಸೊಂಟಕ್ಕೆ ಬರುತ್ತಿತ್ತು, ಎಲ್ಮಾಸ್‌ಳ ಸೊಂಟವೂ ಮೊದಲಿನ ಹಾಗೆ ಇರಲಿಲ್ಲ. ಬೆಟ್ಟಕ್ಕೆ ಹೊರಡುವ ಬೆಳಗ್ಗೆ ಸೆನೆಮ್, ತೋಳ ಗಂಟಲು ಹಿಡಿಯದಂತೆ ಬೋಜ್‌ಗೆ ಹಾಕುತ್ತಿದ್ದ ಮುಳ್ಳಿನ ಕೊರಳಪಟ್ಟಿಗೆ ಒಂದು ಹೊಸ ತೂತು ಕೊರೆದು ಪೊಯ್ರಾಜ್‌ನ ಕೊರಳಿಗೆ ಕಟ್ಟಿದಳು. ಈ ಸಲ ಬೆಕ್ತಾಶ್‌ನ ಜೊತೆ ಇದ್ರಿಸ್ ಕೂಡ ಬೆಟ್ಟಕ್ಕೆ ಹೊರಟಿದ್ದ. ಕುರಿಗಳಿಗೆ ಇನ್ನೂ ಬಣ್ಣ ಹಚ್ಚಿರಲಿಲ್ಲ. ಊರ ಹೊರಗಿನ ಸೇತುವೆಯ ಹತ್ತಿರ, ಎಲ್ಲರೆದುರು, ಆ ಮಾತು ತೀರ್ಮಾನವಾಗಬೇಕಿತ್ತು. ಅವಳು ಕೆಂಪು ಡಬ್ಬಿ ತಂದಿದ್ದಳು, ಬೆಕ್ತಾಶ್ ಹಸಿರು ಡಬ್ಬಿ ತಂದಿದ್ದ. ಒಮ್ಮೆ ಹಟ್ಟಿಯಿಂದ ಓಡಿದ ನಾಯಿ ಬೆಟ್ಟದಲ್ಲಿ ನಿಲ್ಲುತ್ತದೆಯೇ ಎಂದು ಅವನು ಜನರ ನಡುವೆ ಹೇಳುತ್ತಿದ್ದುದು ಅವಳಿಗೂ ಕೇಳಿಸಿತು.

ಆಗ ಸೇತುವೆಯ ಮೇಲೆ ನೀರಿನ ಟ್ಯಾಂಕರೊಂದು ಬಂದು, ಹಿಂಡು ನೋಡಿ ನಿಂತು, ಬಂದೂಕು ಹಾರಿದ ಹಾಗೆ ಹೊಗೆಕೊಳವೆಯಿಂದ ಸಿಡಿಯಿತು. ಕುರಿಗಳು ಚೆಲ್ಲಾಪಿಲ್ಲಿಯಾದವು. ಪೊಯ್ರಾಜ್ ಹಾರಿ ಇದ್ರಿಸ್‌ನ ನಿಲುವಂಗಿಯ ಹಿಂದೆ ಹೋಯಿತು. ಯಾರೋ ನಕ್ಕರು. ಸೆನೆಮ್ ಡಬ್ಬಿಯ ಹಿಡಿಕೆಯನ್ನು ಬಿಗಿಯಾಗಿ ಹಿಡಿದಳು. ಇದ್ರಿಸ್ ನಾಯಿಯತ್ತ ತಿರುಗಿಯೂ ನೋಡಲಿಲ್ಲ. ಜೇಬಿನಿಂದ ಬೀಜ ತೆಗೆದು ಸುಲಿಯತೊಡಗಿದ.

ನಿಲುವಂಗಿಯ ಅಂಚಿನಿಂದ ಕಪ್ಪು ಮೂತಿಯೊಂದು ಹೊರಗೆ ಬಂತು. ಪೊಯ್ರಾಜ್ ನಿಧಾನವಾಗಿ ನಡೆದು, ಚೆದುರಿದ ಕುರಿಗಳಿಗೂ ಟ್ಯಾಂಕರಿಗೂ ನಡುವೆ ಹೋಗಿ ನಿಂತಿತು. ಊರಿನ ಬೇರೆ ನಾಯಿಗಳು ಇನ್ನೂ ದೂರದಿಂದಲೇ ಬೊಗಳುತ್ತಿದ್ದವು. ಅದು ಚಕ್ರವನ್ನು ಮೂಸಿತು, ಯೋಚಿಸಿತು, ಕಾಲೆತ್ತಿ ಅದರ ಮೇಲೆ ಸಾವಕಾಶವಾಗಿ ಉಚ್ಚೆ ಹೊಯ್ದು, ಮತ್ತೆ ತನ್ನ ಜಾಗಕ್ಕೆ ಬಂದು ನಿಂತಿತು. ಅದರ ಹಿಂದೆ ಆಗಾ ಬಂತು, ಆಗಾನ ಹಿಂದೆ ಉಳಿದವು.

ಬೆಕ್ತಾಶ್ ತನ್ನ ಡಬ್ಬಿಯ ಮುಚ್ಚಳ ಗಟ್ಟಿ ಮಾಡಿದ. "ಆತು ಬಿಡು ಅತ್ತಿಗಿ. ಹಸಿರು ನನ್ನ ಬಾಗಿಲಿಗಿ ಬಳಕೋತೀನಿ. ಲಗೂನ ಹಚ್ಚು, ಹೊತ್ತಾಗತೈತಿ."

ಸೆನೆಮ್ ಒಂದೊಂದು ಬೆನ್ನಿಗೂ ತಾನೇ ಕೆಂಪು ಹಚ್ಚಿದಳು, ಅವಸರ ಮಾಡಲಿಲ್ಲ. ಹಿಂಡು ಸೇತುವೆ ದಾಟಿ ಏರುದಾರಿ ಹಿಡಿಯಿತು. ಹೈದರ್‌ನ ನಿಲುವಂಗಿ ಎಲ್ಲಕ್ಕಿಂತ ಹಿಂದೆ, ಕಾಲಿಗೆ ತೊಡರುತ್ತ ಹೋಗುತ್ತಿತ್ತು. ತಿರುವಿನಲ್ಲಿ ಅದು ನಿಂತಿತು. ಇದ್ರಿಸ್ ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಇಡೀ ಊರಿಗೆ ಕೇಳುವ ಹಾಗೆ ಕೂಗಿ ಕೇಳಿದ.

"ಅಮ್ಮಾ, ನಾನು ಬರುದರೊಳಗೆ ಮಗು ಹುಟ್ಟಿದರೆ, ಅದನ್ನಾದರೂ ತೊಳಿಬಹುದಲ್ಲ?"